ಹಳೇ ಚರ್ಚ್ ಕೆಡವಬೇಡಿ, ಎಲ್ಲರೂ ಒಳಗೆ ಬರುವಂತೆ ಮಾಡಿ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ಹಳೇ ಚರ್ಚ್‌ಗಳನ್ನು ಹೊಸದು ಮಾಡುವ ಮಾತು ಆಗಾಗ ಕೇಳಿಬರುತ್ತದೆ. ನಮ್ಮ ಸಭೆಯಲ್ಲೂ, ಅಂದರೆ ನಮ್ಮ ಚರ್ಚ್‌ಗೆ ಸೇರಿದವರಲ್ಲೂ, ಈಗ ಅದೇ ಚರ್ಚೆ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್, ಅದರ ಕಾಲದಲ್ಲಿ ಕಟ್ಟಿದ ಚರ್ಚ್ ನಮ್ಮದು. ಕೆಂಪುಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಎರಡೂ ಬದಿಗೆ ಉದ್ದಕ್ಕೆ ಜಗಲಿ. ಇದನ್ನು ಕೆಡವಿ ಕಾಂಕ್ರೀಟಿನಲ್ಲಿ ಎರಡು ಮಹಡಿ ಎಬ್ಬಿಸಿ, ಮುಂದೆ ಎತ್ತರದ ಗೋಪುರ ನಿಲ್ಲಿಸಿ, ನೆಲಕ್ಕೆ ಗ್ರಾನೈಟ್ ಹಾಕೋಣ ಅಂತ ಒಂದು ನಕ್ಷೆ ತಯಾರಾಗಿದೆ. ಚಿತ್ರದಲ್ಲಿ ಚಂದವೇ ಕಾಣುತ್ತದೆ. ಆದರೂ ನನಗೆ ಇದು ಬೇಡ. ಸಭೆಯ ಕೂಟದಲ್ಲಿ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಒಂದು ಊರಿನ ವಿಷಯ ಅಲ್ಲ. ಇರುವ ಕಟ್ಟಡವನ್ನು ಸರಿಯಾಗಿ ದುರಸ್ತಿ ಮಾಡೋಣ. ಉಳಿಯುವ ದುಡ್ಡನ್ನು, ಇವತ್ತು ಒಳಗೆ ಬರಲಾಗದೆ ಮನೆಯಲ್ಲೇ ಉಳಿದವರಿಗಾಗಿ ಖರ್ಚು ಮಾಡೋಣ.

ಮೊದಲು ಮೆಟ್ಟಿಲಿನ ವಿಷಯ. ನಮ್ಮ ಚರ್ಚ್‌ನ ನೆಲ ಅಂಗಳಕ್ಕಿಂತ ಮೂರಡಿ ಎತ್ತರ ಇದೆ. ಆರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಸ್ತ್ರೀ ಸಂಘವನ್ನು ವರ್ಷಗಟ್ಟಲೆ ನಡೆಸಿದ ಒಬ್ಬ ಅಮ್ಮನಿಗೆ ಲಕ್ವ ಹೊಡೆದು ಒಂದು ಕಡೆ ಕೈಕಾಲು ಬಿದ್ದುಹೋಯಿತು. ಅದಾದ ಮೇಲೂ ಅವರು ಚರ್ಚ್ ಬಿಡಲಿಲ್ಲ. ಮೊಮ್ಮಕ್ಕಳು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಕಡೆ ಹಿಡಿದು ಎತ್ತಿ ತರುತ್ತಿದ್ದರು. ಹಿಂದೆ ಹಿಡಿದವರು ತಗ್ಗಿಸಿದಾಗ ಕುರ್ಚಿ ಹಿಂದಕ್ಕೆ ವಾಲುತ್ತಿತ್ತು, ಆ ಅಮ್ಮ ಸರಿ ಇರುವ ಕೈಯಲ್ಲಿ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಪಾಚಿ. ಒಂದು ಸಲ ಹುಡುಗನ ಕಾಲು ಜಾರಿತು. ಏನೂ ಆಗಲಿಲ್ಲ, ಆದರೆ ಅವತ್ತಿನಿಂದ ಅವರು ಬರುವುದು ನಿಂತಿತು. ಈಗ ಸಭಾಪಾಲಕರೇ (ಪಾದ್ರಿಗಳೇ) ಮನೆಗೆ ಹೋಗಿ ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟು ಬರುತ್ತಾರೆ. ಅದು ಒಳ್ಳೆಯದೇ. ಆದರೆ ಅವರಿಗೆ ಬೇಕಾದದ್ದು ನಾಲ್ಕು ಜನರ ಜೊತೆ ಕೂತು ಕೀರ್ತನೆ ಹಾಡುವುದು, ಅಲ್ವಾ?

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಅನ್ನುವುದು ಎಲ್ಲ ಕಡೆ ಬಳಸುವ ಲೆಕ್ಕ. ಮೂರಡಿಗೆ ಮೂವತ್ತಾರು ಅಡಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಒಂದು ಸಮತಟ್ಟು ಜಾಗ, ಎರಡೂ ಬದಿ ಕೈಕಂಬಿ, ಗಾಲಿಕುರ್ಚಿ ಆರಾಮವಾಗಿ ಹೋಗುವಷ್ಟು ಅಗಲ. ನಮ್ಮ ದಕ್ಷಿಣದ ಜಗಲಿಯ ಉದ್ದಕ್ಕೆ ಇದು ಸಲೀಸಾಗಿ ಕೂರುತ್ತದೆ, ಮುಂಭಾಗದ ಚಂದಕ್ಕೂ ಏನೂ ಆಗುವುದಿಲ್ಲ. ಎಷ್ಟೋ ಕಡೆ ಜಾಗ ಇಲ್ಲ ಅಂತ ಹತ್ತಡಿಯಲ್ಲೇ ಕಡಿದಾಗಿ ಮುಗಿಸುತ್ತಾರೆ. ಅದರಲ್ಲಿ ಗಾಲಿಕುರ್ಚಿ ತಳ್ಳುವವರೂ ಬೀಳುತ್ತಾರೆ, ಕೂತವರೂ ಬೀಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಜನ ಬಳಸುವ ಕಟ್ಟಡಗಳ ಸಾಲಿನಲ್ಲಿ ಧಾರ್ಮಿಕ ಕಟ್ಟಡಗಳನ್ನೂ ಸೇರಿಸಿದೆ. ಕಾಯ್ದೆ ಇಲ್ಲದಿದ್ದರೂ ನಾವು ಮಾಡಬೇಕಾದ ಕೆಲಸ ಇದು. ಹೊಸ ನಕ್ಷೆಯಲ್ಲಿ ಗೋಪುರ ಇದೆ. ಇಳಿಜಾರು ಎಲ್ಲಿ ಅಂತ ಕೇಳಿದರೆ ‘ಎರಡನೇ ಹಂತದಲ್ಲಿ ನೋಡೋಣ’ ಅನ್ನುತ್ತಾರೆ. ಎರಡನೇ ಹಂತ ಬರುವಷ್ಟರಲ್ಲಿ ನಮ್ಮ ಹಿರಿಯರಲ್ಲಿ ಎಷ್ಟು ಜನ ಇರುತ್ತಾರೆ?

ಶೌಚಾಲಯದ ಕಥೆ ಇನ್ನೂ ಬೇಜಾರು. ಹೆಂಗಸರಿಗೆ ಇರುವುದು ಹಿತ್ತಿಲಿನ ಕೊನೆಯಲ್ಲಿ, ನೀರು ಕೊಡದಲ್ಲಿ ಹೊತ್ತು ಹಾಕಬೇಕು. ವಯಸ್ಸಾದವರು ಭಾನುವಾರ ಬೆಳಿಗ್ಗೆ ನೀರನ್ನೇ ಕುಡಿಯದೆ ಬರುತ್ತಾರೆ. ಸಕ್ಕರೆ ಕಾಯಿಲೆ ಇರುವವರ ಗತಿ ಏನು? ಇದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಇನ್ನು ಗೋಡೆ. ‘ಗೋಡೆ ಹಾಳಾಗಿದೆ, ಕೆಡವದೆ ಬೇರೆ ದಾರಿಯೇ ಇಲ್ಲ’ ಅನ್ನುವುದು ಕೆಡವಬೇಕು ಅನ್ನುವವರ ಮುಖ್ಯ ಮಾತು. ಗೋಡೆಯ ಕೆಳಭಾಗದಲ್ಲಿ ಬಣ್ಣ ಉಬ್ಬಿ ಹಪ್ಪಳದ ಹಾಗೆ ಏಳುತ್ತಿದೆ, ಕೈ ಸವರಿದರೆ ಉಪ್ಪಿನ ಬಿಳಿ ಪುಡಿ ಬರುತ್ತದೆ, ಅದು ನಿಜ. ಹಳೇ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನು ಕರೆಸಿ ತೋರಿಸಿದೆವು. ಅವರು ಉಳಿಯಿಂದ ಒಂದು ಮೊಳದಷ್ಟು ಜಾಗ ಕೆತ್ತಿದರು. ಮೇಲೆ ಸಿಮೆಂಟ್ ಸಾರಣೆ, ಅದರ ಮೇಲೆ ಒಂದರ ಮೇಲೊಂದು ಆಯಿಲ್ ಪೇಂಟ್. ಸಾರಣೆ ಒಂದೇ ಹಲಗೆಯಾಗಿ ಕಳಚಿ ಬಿತ್ತು. ಒಳಗೆ ಕೆಂಪುಕಲ್ಲು ಒದ್ದೆ ಇತ್ತು, ಬೇಸಿಗೆಯಲ್ಲೂ ಒದ್ದೆ. ಆದರೆ ಕಲ್ಲು ಗಟ್ಟಿ. ಉಳಿ ಹೊಡೆದರೆ ಠಣ್ ಅನ್ನುತ್ತಿತ್ತು. ಕಲ್ಲುಗಳ ನಡುವಿನ ಸುಣ್ಣದ ಗಾರೆಯೂ ಇನ್ನೂ ಹಿಡಿದುಕೊಂಡಿತ್ತು.

ಅವರು ಹೇಳಿದ್ದು ಇಷ್ಟು. ಕೆಂಪುಕಲ್ಲು ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ನೆಲದ ತೇವ ಮೇಲೇರುತ್ತದೆ, ಮಳೆ ನಿಂತ ಮೇಲೆ ಒಣಗುತ್ತದೆ. ಸುಣ್ಣದ ಸಾರಣೆ ಅದಕ್ಕೆ ದಾರಿ ಬಿಡುತ್ತದೆ. ಸಿಮೆಂಟು, ಆಯಿಲ್ ಪೇಂಟ್ ಹಾಕಿದರೆ ದಾರಿ ಮುಚ್ಚಿಹೋಗಿ, ನೀರು ಒಳಗೇ ಉಳಿದು, ಉಪ್ಪನ್ನು ಹೊರಗೆ ತಳ್ಳುತ್ತದೆ. ಅಂದರೆ ಗೋಡೆಗೆ ವಯಸ್ಸಾಗಿ ಹೀಗಾದದ್ದಲ್ಲ, ಹಿಂದೆ ಮಾಡಿದ ‘ರಿಪೇರಿ’ಯಿಂದ ಆದದ್ದು. ಸಿಮೆಂಟ್ ಕೆತ್ತಿ ತೆಗೆದು, ಗೋಡೆಯನ್ನು ಒಂದು ಬೇಸಿಗೆ ಒಣಗಲು ಬಿಟ್ಟು, ಸುಣ್ಣದ ಸಾರಣೆ ಮಾಡಿ, ಸುತ್ತ ಒಂದು ಚರಂಡಿ ತೋಡಿ ಮಾಡಿನ ನೀರು ಬುಡಕ್ಕೆ ಇಳಿಯದ ಹಾಗೆ ಮಾಡಿದರೆ ಇನ್ನೂ ಎರಡು ತಲೆಮಾರು ಚಿಂತೆ ಇಲ್ಲ ಅಂದರು. ನಮ್ಮ ಕಡೆ ಮರುವಾಯಿ ಅನ್ನುವ ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು ಹಳೇ ಪದ್ಧತಿ, ಆ ಕೆಲಸ ಗೊತ್ತಿರುವವರು ಈಗಲೂ ಅಲ್ಲಲ್ಲಿ ಇದ್ದಾರೆ. ಅವರು ಇರುವಾಗಲೇ ಮಾಡಿಸಿಕೊಳ್ಳಬೇಕು.

ಮಾಡಿನದೂ ಹಾಗೇ. ಮೇಲೆ ಹತ್ತಿ ನೋಡಿದಾಗ ಗೆದ್ದಲು ಹಿಡಿದದ್ದು ಹಂಚು ಕೂರುವ ಕೆಲವು ರೀಪು, ಗೋಡೆಗೆ ತಾಗುವ ಕಡೆ ಅವನ್ನು ಹೊರುವ ಒಂದಷ್ಟು ಪಕ್ಕಾಸು. ದೊಡ್ಡ ಮರಗಳು ಸರಿ ಇವೆ. ಒಡೆದ ಹಂಚು ತೆಗೆದು ಬೇರೆ ಹಾಕಿದರೆ ಸೋರುವುದು ನಿಲ್ಲುತ್ತದೆ. ತೆಗೆದ ಒಂದು ಹಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ ಮುದ್ರೆ, 1865 ಅನ್ನುವ ಇಸವಿ. ಹುಡುಗರು ಹಂಚೇ ಆ ವರ್ಷದ್ದು ಅಂದುಕೊಂಡು ಫೋಟೊ ತೆಗೆದರು. ಅದು ಕಾರ್ಖಾನೆ ಶುರುವಾದ ವರ್ಷ, ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಆಗ. ಮಂಗಳೂರು ಹಂಚು ಅಂತ ಊರೂರಿಗೆ ಹೋದದ್ದೆಲ್ಲ ಅಲ್ಲಿಂದ ಹುಟ್ಟಿದ ಕೆಲಸ. ಈಗ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಆದರೆ ಹಳೇ ಮನೆ ಕೆಡವಿದ ಕಡೆ ಒಳ್ಳೇ ಹಂಚು ಸಿಗುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ.

ಕಾಂಕ್ರೀಟ್ ಹಾಕಿದರೆ ಖರ್ಚೇ ಇಲ್ಲ ಅಂತ ಯಾರಾದರೂ ಹೇಳಿದರೆ ನಮ್ಮ ಊರಿನ ಮನೆಗಳನ್ನೇ ನೋಡಲಿ. ತಾರಸಿ ಕೆಲವೇ ವರ್ಷದಲ್ಲಿ ಸೋರಲು ಶುರುವಾಗಿ, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹಾಕದ ಮನೆ ಎಷ್ಟಿದೆ? ಅಂದರೆ ಎರಡೆರಡು ಮಾಡಿನ ಖರ್ಚು. ಮತ್ತೆ ಸೆಕೆ. ಹಂಚಿನ ಸಂದಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಸ್ಲ್ಯಾಬ್ ಕೆಳಗೆ ಏಪ್ರಿಲ್‌ನಲ್ಲಿ ಕೂತು ನೋಡಿ. ಇನ್ನೊಂದು ಮುಖ್ಯ ವಿಷಯ, ಧ್ವನಿ. ಹಂಚು, ಮರ ಇರುವ ಕಡೆ ಓದಿದ ಮಾತು ಸ್ಪಷ್ಟವಾಗಿ ಕೇಳುತ್ತದೆ. ಸ್ಲ್ಯಾಬ್, ಗ್ರಾನೈಟ್ ಸೇರಿದರೆ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಆಮೇಲೆ ಅದಕ್ಕೆ ಸ್ಪೀಕರ್ ಜಾಸ್ತಿ ಮಾಡುತ್ತಾರೆ, ಇನ್ನೂ ಗಿಜಿಗಿಜಿ. ಕಿವಿ ಮಂದ ಆದ ಹಿರಿಯರಿಗೆ ಬೈಬಲ್ ವಾಕ್ಯವೇ ಕೇಳದಿದ್ದರೆ ಹೊಸ ಕಟ್ಟಡ ಯಾರಿಗೆ?

‘ಹಳೇ ಚರ್ಚ್ ತೆಗೆದು ಹೊಸದು ಕಟ್ಟುವುದು ಮೊದಲಿಂದಲೂ ಇದೆ’ ಅಂತ ಕೂಟದಲ್ಲಿ ಒಬ್ಬರು ಹೇಳಿದರು. ಇದೆ. ಮಂಗಳೂರಿನ ಮಿಲಾಗ್ರಿಸ್ ಶುರುವಾದದ್ದು 1680ರಲ್ಲಿ, ಈಗಿನ ಕಟ್ಟಡ ಬಂದದ್ದು 1911ರಲ್ಲಿ. ಬೆಂಗಳೂರಿನ ಸೇಂಟ್ ಮಾರ್ಕ್ಸ್ 1923ರಲ್ಲಿ ಬೆಂಕಿಗೆ ಸಿಕ್ಕಿತು, ಮತ್ತೆ ಕಟ್ಟಿ 1927ರಲ್ಲಿ ತೆರೆದರು. ಬಿದ್ದುಹೋದದ್ದನ್ನು, ಸುಟ್ಟುಹೋದದ್ದನ್ನು, ಜನ ಹಿಡಿಸದೇ ಹೋದದ್ದನ್ನು ಹೊಸದಾಗಿ ಕಟ್ಟಲೇಬೇಕು, ಅದನ್ನು ನಾನು ಒಪ್ಪುತ್ತೇನೆ. ನಮ್ಮದು ಬಿದ್ದಿಲ್ಲ, ಸುಟ್ಟಿಲ್ಲ. ಬೆಂಚುಗಳು ತುಂಬುವುದು ಕ್ರಿಸ್ಮಸ್‌ಗೆ, ಈಸ್ಟರ್‌ಗೆ, ಬೆಳೆ ಹಬ್ಬಕ್ಕೆ. ಮಕ್ಕಳೆಲ್ಲ ಬೆಂಗಳೂರು, ಮುಂಬೈ, ಗಲ್ಫ್ ಅಂತ ಹೋಗಿದ್ದಾರೆ. ಎರಡು ಮಹಡಿ ಯಾಕೆ ಬೇಕು? ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ ಒಳಗೆ 1899ರಲ್ಲಿ ಶುರು ಮಾಡಿ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳು ಮಾಸಿದಾಗ, 1990ರ ದಶಕದಲ್ಲಿ ಪರಿಣತರನ್ನು ಕರೆಸಿ ಅವನ್ನು ಉಳಿಸಿಕೊಂಡರು. ನಮ್ಮ ಗೋಡೆಯಲ್ಲಿ ಅಂಥ ಚಿತ್ರ ಇಲ್ಲ ನಿಜ, ಆದರೆ ಪರಿಣತರನ್ನು ಕೇಳಿ ಆಮೇಲೆ ತೀರ್ಮಾನ ಮಾಡುವ ಬುದ್ಧಿ ನಮಗೂ ಬೇಕು.

ಹಾಗಂತ ಹಳೇ ಕಟ್ಟಡವನ್ನು ನೋಡಲಿಕ್ಕೆ ಸುಮ್ನೆ ಇಟ್ಟುಕೊಳ್ಳಿ ಅಂತಲೂ ನಾನು ಹೇಳುವುದಿಲ್ಲ. ಹಾಸನದ ಶೆಟ್ಟಿಹಳ್ಳಿಯ ಚರ್ಚ್ ಹೇಮಾವತಿ ಜಲಾಶಯದ ನೀರಿನಲ್ಲಿ ನಿಂತಿದೆ, ಜನ ದೂರದೂರದಿಂದ ಬಂದು ಫೋಟೊ ತೆಗೆಯುತ್ತಾರೆ. ಅಲ್ಲಿನ ಸಭೆ ಮುಳುಗಡೆಯಲ್ಲಿ ಎದ್ದು ಹೋಯಿತು. ನಮ್ಮ ಊರಲ್ಲಿ ಜನ ಇದ್ದಾರೆ. ಇದ್ದೂ ಕಟ್ಟಡಕ್ಕೆ ಸೋಮವಾರದಿಂದ ಶನಿವಾರದವರೆಗೆ ಬೀಗ, ಅದೇ ನನ್ನ ತಕರಾರು.

ಹಿಂದಿನವರು ಹಾಗೆ ಇರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಪ್ರಾರ್ಥನೆಯ ಜೊತೆಗೇ ಶಾಲೆ, ಅಚ್ಚುಕೂಟ, ನೇಯ್ಗೆ, ಹಂಚು ಎಲ್ಲ ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ, 1843ರ ‘ಮಂಗಳೂರ ಸಮಾಚಾರ’, ಬಂದದ್ದು ಅದೇ ಮಿಷನ್‌ನ ಹೆರ್ಮನ್ ಮೋಗ್ಲಿಂಗ್ ಅವರಿಂದ. ಇವತ್ತಿಗೂ ಜುಲೈ 1ರಂದು ನೀವು ಪತ್ರಿಕಾ ದಿನ ಆಚರಿಸುವುದು ಅದರ ನೆನಪಿಗೆ. ಆ ಶಾಲೆಗಳಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳು ಕಲಿತರು.

ನಮ್ಮ ಚರ್ಚ್‌ನ ಪಕ್ಕದಲ್ಲಿ ಸಂಡೇ ಸ್ಕೂಲ್ ನಡೆಯುವ ಒಂದು ಉದ್ದ ಕೋಣೆ ಇದೆ. ಅದಕ್ಕೆ ಎರಡು ಶೌಚಾಲಯ, ಒಂದು ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ಒಳ್ಳೇ ದೀಪ, ಫ್ಯಾನು ಮಾಡಿಸಿ. ಸಂಜೆ ಎಸ್‌ಎಸ್‌ಎಲ್‌ಸಿ ಮಕ್ಕಳು ಕೂತು ಓದಲಿ, ಯಾರ ಮಕ್ಕಳಾದರೂ ಸರಿ. ತಿಂಗಳಿಗೊಮ್ಮೆ ಬಿಪಿ, ಶುಗರ್ ನೋಡುವ ಶಿಬಿರ ಆಗಲಿ. ಹಗಲು ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಬಂದು ಕೂತು ಮಾತಾಡಿ, ಊಟ ಮಾಡಿ ಹೋಗಲಿ. ನಮ್ಮ ಕಡೆ ಇದರ ಅಗತ್ಯ ಎಷ್ಟಿದೆ ಅನ್ನುವುದು, ಮಕ್ಕಳು ಹೊರಗಿರುವ ಮನೆಗಳಿಗೆ ಹೋಗಿ ಬಂದವರಿಗೆ ಗೊತ್ತು. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿ ಕಡೆ ರಾತ್ರೋರಾತ್ರಿ ನೆರೆ ಬಂದಾಗ ಜನ ಮನೆ ಬಿಟ್ಟು ಓಡಬೇಕಾಯಿತು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಶಾಲೆ, ಕಲ್ಯಾಣಮಂಟಪ, ದೇವಸ್ಥಾನ, ಮಸೀದಿ, ಚರ್ಚ್ ಎಲ್ಲವೂ ಜನರಿಗೆ ಆಸರೆಯಾದವು. ಅಂಥ ಹೊತ್ತಿನಲ್ಲಿ ನಮ್ಮಲ್ಲಿಗೆ ಐವತ್ತು ಜನ ಬಂದರೆ ಇವತ್ತು ಅವರಿಗೆ ಕೊಡಲು ನಮ್ಮ ಹತ್ತಿರ ಒಂದು ಸರಿಯಾದ ಶೌಚಾಲಯವೂ ಇಲ್ಲ.

ಎಲ್ಲರಿಗೂ ಬಾಗಿಲು ತೆರೆದರೆ ಗಲಾಟೆ, ಕಳ್ಳತನ ಅಂತ ಹೆದರುವವರಿದ್ದಾರೆ. ಹೆದರಿಕೆ ಸುಳ್ಳಲ್ಲ. ಅದಕ್ಕೇ ಆರಾಧನೆಯ ಜಾಗ ಆರಾಧನೆಗೇ ಇರಲಿ, ಪಕ್ಕದ ಕೋಣೆ ಬೇರೆ ಗೇಟಿನಿಂದ ಬಳಕೆಯಾಗಲಿ, ಬೀಗದ ಕೈ ಒಬ್ಬರ ಜವಾಬ್ದಾರಿ ಇರಲಿ. ಇದೆಲ್ಲ ಕೂತು ಮಾತಾಡಿದರೆ ಬಗೆಹರಿಯುವ ವಿಷಯ.

ದುಡ್ಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ಚರ್ಚ್ ದುರಸ್ತಿಗೆ, ಸಮುದಾಯ ಭವನಕ್ಕೆ ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಿಂದ ಅನುದಾನ ಕೊಡುವ ಯೋಜನೆ ಇದೆ, ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ಉಳಿದದ್ದು ಸಭೆಯವರ ಬೆವರಿನ ದುಡ್ಡು. ಬೀಡಿ ಕಟ್ಟಿ, ಮೀನು ಮಾರಿ ಕಾಣಿಕೆ ಹಾಕಿದವರು ಇದ್ದಾರೆ. ಬೆಳೆ ಹಬ್ಬದ ಏಲಂನಲ್ಲಿ (ಹರಾಜಿನಲ್ಲಿ) ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಕೊಟ್ಟು, ಅದನ್ನೇ ಮತ್ತೆ ಏಲಂಗೆ ಬಿಟ್ಟವರು ಇದ್ದಾರೆ. ಅವರ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯುವ ಹಕ್ಕು ಅವರಿಗಿದೆ.

ಆದ್ದರಿಂದ ನಮ್ಮ ಸಭಾ ಹಿರಿಯರಿಗೂ, ಇಂಥದೇ ಚರ್ಚೆ ನಡೆಯುತ್ತಿರುವ ಬೇರೆ ಸಭೆಗಳಿಗೂ ನನ್ನ ವಿನಂತಿ ಇದು. ಕೆಡವುವ ನಿರ್ಣಯಕ್ಕೆ ಕೈ ಎತ್ತುವ ಮೊದಲು, ಹಳೇ ಕಟ್ಟಡ ಬಲ್ಲ ಒಬ್ಬ ಇಂಜಿನಿಯರ್ ಬಂದು ನೋಡಿ ವರದಿ ಕೊಡಲಿ. ದುರಸ್ತಿಯ ಅಂದಾಜು ಪಟ್ಟಿ, ಹೊಸ ಕಟ್ಟಡದ ಅಂದಾಜು ಪಟ್ಟಿ ಎರಡನ್ನೂ ನೋಟಿಸ್ ಬೋರ್ಡಿಗೆ ಹಚ್ಚಿ, ಓದಿ ಪ್ರಶ್ನೆ ಕೇಳಲು ಎಲ್ಲರಿಗೂ ಒಂದು ತಿಂಗಳು ಕೊಡಿ. ಕೂಟಕ್ಕೆ ಬರಲಾಗದ ಹಿರಿಯರ ಮನೆಗೆ ಹೋಗಿ ಅವರ ಅಭಿಪ್ರಾಯವನ್ನೂ ಬರೆದುಕೊಳ್ಳಿ. ಮತ್ತೆ, ತೀರ್ಮಾನ ಯಾವುದೇ ಆಗಲಿ, ಇಳಿಜಾರು ಮತ್ತು ಶೌಚಾಲಯ ಈ ಮಳೆಗಾಲಕ್ಕೆ ಮುಂಚೆ ಆಗಬೇಕು.

ಇಂತಿ,
ಸಭೆಯ ಒಬ್ಬ ಸದಸ್ಯೆ
ಉಡುಪಿ ಜಿಲ್ಲೆ