ನಿಸರ್ಗಚಿತ್ರಕ್ಕೆ ಮೊಬೈಲ್ ಫೋಟೊ ಸಾಲದು

ಮಾನ್ಯ ಸಂಪಾದಕರೇ,

ಚಿತ್ರಸಂತೆಗಳಲ್ಲಿ, ಗ್ಯಾಲರಿಗಳಲ್ಲಿ ಈಗ ಕಾಣುವ ಎಷ್ಟೋ ನಿಸರ್ಗಚಿತ್ರಗಳು ಮೊಬೈಲ್ ಫೋಟೊ ನೋಡಿ ಬರೆದವು. ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಅಲ್ಲಿನ ಮರ ಹೊಂಗೆಯೋ ಮಾವೋ ತಿಳಿಯುವುದಿಲ್ಲ. ಕಲಾವಿದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳನ್ನು ಸ್ಥಳದಲ್ಲೇ ಕೂತು ಬರೆದರು. ಅವರ ಗುಲ್‌ಮೊಹರ್, ಜಕರಂದಾಗಳನ್ನು ಇಂದಿಗೂ ಗುರುತು ಹಿಡಿಯಬಹುದು.

ಮೊಬೈಲಿನ ಅಗಲ ಕೋನದ ಲೆನ್ಸ್ ದೂರದ ಬೆಟ್ಟವನ್ನು ಕುಗ್ಗಿಸಿ ಎದುರಿನ ಹುಲ್ಲನ್ನು ಹಿಗ್ಗಿಸುತ್ತದೆ. ಆಕಾಶ ಬಿಳಿಚುತ್ತದೆ, ಇಲ್ಲವೇ ನೆರಳು ಕಪ್ಪಾಗುತ್ತದೆ. ನೆರಳಿನೊಳಗಿನ ನೀಲಿ, ನೇರಳೆಗಳು ಕಣ್ಣಿಗೆ ಕಂಡಷ್ಟು ಅದಕ್ಕೆ ಕಾಣವು. ಹಾಗಾಗಿಯೇ ಅಂಥ ಚಿತ್ರಗಳಲ್ಲಿ ನೆರಳೆಂದರೆ ಬರೀ ಕಪ್ಪು, ಎಲೆಯೆಂದರೆ ಟ್ಯೂಬಿನಿಂದ ನೇರವಾಗಿ ಬಂದ ಸ್ಯಾಪ್ ಗ್ರೀನ್. ಏಪ್ರಿಲ್‌ನ ಹೊಂಗೆಯ ಎಳೆ ಎಲೆಗೆ ಲೆಮನ್ ಯೆಲ್ಲೊಗೆ ತುಸುವೇ ನೀಲಿ ಬೆರೆಸಿದರೆ ಸಾಕು. ಮಾವಿನ ಬಲಿತ ಎಲೆಗೆ ಅಲ್ಟ್ರಾಮರೀನ್ ನೀಲಿ ಮತ್ತು ಗ್ಯಾಂಬೋಜ್ ಹಳದಿ ಬೆರೆಸಿ, ಮೇಲೆ ಚೂರು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸೇರಿಸಬೇಕು. ಆ ಕೆಂಪು ಹಸಿರಿನ ಕಣ್ಣುಕುಕ್ಕುವ ಗುಣವನ್ನು ತಗ್ಗಿಸುತ್ತದೆ. ಮಾವಿನ ಚಿಗುರು ತಾಮ್ರದ ಬಣ್ಣದ್ದು, ಅದಕ್ಕೆ ಹಸಿರೇ ಬೇಡ.

ಜಲವರ್ಣಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಕಾಗದ, ಪೂರ್ತಿ ಹಾಳೆಯ ಕಾಲು ಭಾಗ ಸಾಕು. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ನೆರಳು ಉದ್ದವಾಗಿ, ಸ್ಪಷ್ಟವಾಗಿ ಇರುತ್ತದೆ, ಆದರೆ ಬೇಗ ಸರಿಯುತ್ತದೆ. ಮೊದಲ ಹತ್ತು ನಿಮಿಷದಲ್ಲಿ ನೆರಳಿನ ಆಕಾರಗಳನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಂಡು ಅದನ್ನೇ ಕೊನೆಯವರೆಗೆ ನಂಬಬೇಕು. ಸರಿದ ನೆರಳನ್ನು ಬೆನ್ನಟ್ಟಿದರೆ ಒಂದೇ ಚಿತ್ರದಲ್ಲಿ ಎರಡು ಸೂರ್ಯ ಮೂಡುತ್ತಾರೆ. ಕಾಗದದ ಮೇಲೆ ಬಿಸಿಲು ಬಿದ್ದರೆ ಹಚ್ಚಿದ ಬಣ್ಣ ತಿಳಿಯಾಗಿ ಕಂಡು ಕೈ ತಾನಾಗಿ ಗಾಢ ಮಾಡುತ್ತದೆ. ಮನೆಗೆ ತಂದು ನೋಡಿದರೆ ಚಿತ್ರ ಮಂಕು. ನೆರಳಲ್ಲೇ ಕೂರಬೇಕು.

ಮಾರ್ಚ್–ಏಪ್ರಿಲ್‌ನಲ್ಲಿ ಕುಂಚ ಮರಳಿ ಬರುವಷ್ಟರಲ್ಲಿ ಬಣ್ಣ ಒಣಗಿ ಅಂಚು ಕಟ್ಟುತ್ತದೆ. ಕಾಗದದ ಹಿಂಬದಿಯನ್ನೂ ಒದ್ದೆ ಮಾಡಿಕೊಂಡರೆ ಸಮಯ ಸಿಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ: ಕಾಗದ ಒಣಗುವುದೇ ಇಲ್ಲ. ಅರೆ ಒಣಗಿದ ಬಣ್ಣದ ಮೇಲೆ ನೀರು ಹೆಚ್ಚಾದ ಕುಂಚ ಇಟ್ಟರೆ ಕೆಳಗಿನ ಬಣ್ಣ ತಳ್ಳಿಸಿಕೊಂಡು ಕಲೆಯಾಗುತ್ತದೆ. ಕುಂಚದ ನೀರು ಹಿಂಡಿ, ಬಣ್ಣ ಗಟ್ಟಿ ಮಾಡಿ ಹಚ್ಚಬೇಕು. ಮೋಡದ ದಿನ ನೆರಳೂ ಇರುವುದಿಲ್ಲ, ಹಸಿರು ಹಸಿರುಗಳ ನಡುವಿನ ವ್ಯತ್ಯಾಸವೇ ಚಿತ್ರವನ್ನು ಹಿಡಿದು ನಿಲ್ಲಿಸಬೇಕು. ಮರಗಳನ್ನು ನಿಜವಾಗಿ ನೋಡಲು ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ನಿಸರ್ಗವನ್ನು ಬರೆಯುವವರೇ ಅಕ್ರಿಲಿಕ್ ಕುಂಚ ತೊಳೆದ ನೀರನ್ನು ಕೆರೆ ದಂಡೆಯಲ್ಲಿ ಚೆಲ್ಲುವುದು ಬೇಸರದ ಸಂಗತಿ. ಅಕ್ರಿಲಿಕ್ ಎಂದರೆ ಪ್ಲಾಸ್ಟಿಕ್. ಕ್ಯಾಡ್ಮಿಯಂ ಎಂಬ ವಿಷಲೋಹ ಇರುವ ಬಣ್ಣಗಳು ಇನ್ನೂ ಅಪಾಯಕಾರಿ. ಕುಂಚವನ್ನು ಮೊದಲು ಬಟ್ಟೆಗೆ ಒರೆಸಿ, ತೊಳೆದ ನೀರನ್ನು ಮುಚ್ಚಳದ ಡಬ್ಬಿಯಲ್ಲಿ ಮನೆಗೇ ತರಬೇಕು.

ಕಲಾ ಶಾಲೆಗಳಲ್ಲಿ ನನ್ನದೊಂದು ವಿನಂತಿ: ಪ್ರತಿ ವಿದ್ಯಾರ್ಥಿಯಿಂದ ಒಂದೇ ಕೆರೆಯನ್ನು ಬೇಸಿಗೆ, ಮಳೆ, ಚಳಿಗಾಲ ಮೂರರಲ್ಲೂ ಸ್ಥಳದಲ್ಲೇ ಬರೆಸಿ. ಚಿತ್ರದ ಹಿಂದೆ ಸ್ಥಳ, ತಿಂಗಳು, ಮರದ ಹೆಸರು ಇರಲಿ. ರಸ್ತೆ ಅಗಲವಾಗಿ ಆ ಮರ ಹೋದ ಮೇಲೆ ಅಲ್ಲಿ ಏನಿತ್ತೆಂದು ಹೇಳಲು ಆ ಬರಹವೂ ಬೇಕಾಗುತ್ತದೆ.

– ಚಿತ್ರಕಲಾ ಶಿಕ್ಷಕ, ಬೆಂಗಳೂರು