ಎಡನಳಿಗೆಯ ತೋಟಾ

ಪಾಂಡವಪುರ ತಾಲ್ಲೂಕು
ಭಾನುವಾರ ರಾತ್ರಿ

ಮಗಳೇ,

ಶುಕ್ರವಾರ ಫೋನಿನಲ್ಲಿ ನಾನು ಹಾಗೆ ಕೂಗಾಡಬಾರದಿತ್ತು. ‘ಒಂದು ಪಿಸ್ತೂಲು ತಗೋಬೇಕು, ಯಾವುದು ಒಳ್ಳೆಯದು ಹೇಳಪ್ಪಾ’ ಅಂತ ನೀನು ಕೇಳಿದ್ದು ಇಷ್ಟೇ. 30 ವರ್ಷ ಪೊಲೀಸ್ ಬಂದೂಕುಗಳಿಗೆ ಎಣ್ಣೆ ಹಾಕಿ ಒರೆಸಿದ ಅಪ್ಪನನ್ನು ಬಿಟ್ಟು ಇನ್ಯಾರನ್ನು ಕೇಳ್ತೀಯ? ‘ಹೆಣ್ಣುಮಗಳಿಗೆ ಯಾಕೆ ಅದೆಲ್ಲ’ ಅಂದುಬಿಟ್ಟೆ. ಪಕ್ಕದ ಮನೆಗೆ ಕಳ್ಳ ನುಗ್ಗಿದ್ದು, ಅಳಿಯಂದಿರು ಅರ್ಧ ತಿಂಗಳು ಕೆಲಸದ ಮೇಲೆ ಊರೂರು ಸುತ್ತೋದು, ಆ ಟೆಕ್ಸಾಸಿನಲ್ಲಿ ಪುಟ್ಟನನ್ನು ಕಟ್ಟಿಕೊಂಡು ನೀನೊಬ್ಬಳೇ ಇರೋದು, ಎಲ್ಲ ಗೊತ್ತಿದ್ದೂ ಅಂದೆ. ತಪ್ಪಾಯ್ತು ಕಣವ್ವ.

ಆದರೆ ಫೋನ್ ಇಡೋಕೆ ಮುಂಚೆ ನೀನೂ ಒಂದು ಮಾತು ಅಂದೆ. ‘ಏಳು ವರ್ಷದವಳಿದ್ದಾಗ ಬಂದೂಕಿಗೆ ತೋಟಾ ಹಾಕಿಬಿಟ್ಟೆ ಅಂತ ಇವತ್ತಿಗೂ ನನ್ನ ನಂಬಲ್ಲ ನೀನು’ ಅಂತ. ಅದಾಗಿ ಎರಡು ರಾತ್ರಿ ಆಯ್ತು, ನಿದ್ದೆ ಬಂದಿಲ್ಲ. ಇದು ಫೋನಿನಲ್ಲಿ ಆಡೋ ಮಾತಲ್ಲ ಅಂತ ಕಾಗದ ಬರೀತಿದ್ದೀನಿ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ ಹೇಳಿಬಿಡ್ತೀನಿ. ನೀನು ಕಳಿಸಿದ ಟಾರ್ಗೆಟ್ ಫೋಟೋನ ದೊಡ್ಡದು ಮಾಡಿ ನೋಡಿದೆ. ಏಳು ಗಜದಿಂದ ಹತ್ತು ಗುಂಡು, ಅಂಗೈ ಅಗಲದೊಳಗೆ ಕೂರಿಸಿದ್ದೀಯ. ಶೂಟಿಂಗ್ ರೇಂಜಿಗೆ ಹೋಗೋಕೆ ಶುರು ಮಾಡಿ ಎಷ್ಟು ದಿನ ಆಯ್ತು ನೀನು! ಹೊಸದಾಗಿ ಸೇರಿದ ಹುಡುಗರು ನಮ್ಮಲ್ಲಿ ಮಣ್ಣಿನ ದಿಬ್ಬಕ್ಕೆ ಹೊಡೀತಿದ್ರು, ಕಾಗದಕ್ಕೆ ತಾಗ್ತಿರಲಿಲ್ಲ. ಫೋಟೋನ ನಿಮ್ಮವ್ವಂಗೂ ತೋರಿಸಿದೆ, ನಿನ್ನ ಚಿಕ್ಕಪ್ಪನಿಗೂ ತೋರಿಸಿದೆ. ನಾಲ್ಕು ಗುಂಡು ಮಾತ್ರ ಕೆಳಕ್ಕೆ, ಎಡಕ್ಕೆ ಸರಿದಿವೆ. ಬಲಗೈಯವರು ಸದ್ದಿಗೆ ಮುಂಚೆಯೇ ಬೆದರಿ ಟ್ರಿಗರ್ ಜಗ್ಗಿದರೆ ಹೀಗೇ ಆಗೋದು. ಖಾಲಿ ಪಿಸ್ತೂಲಿನ ನಳಿಗೆ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಒತ್ತಿ ಅಭ್ಯಾಸ ಮಾಡು.

ಆ ಪುಟಾಣಿ ಸಿಗ್ ಪಿ365 ಪಿಸ್ತೂಲು ಬೇಡ. ಅಂಗಡಿಯಲ್ಲಿ ಕೈಗೆ ಮುದ್ದಾಗಿ ಕೂರುತ್ತೆ, ಆದರೆ ಗುಂಡು ಅದೇ 9 ಎಂ.ಎಂ. ಪಿಸ್ತೂಲು ಹಗುರ ಆದಷ್ಟೂ ಒದೆತವೆಲ್ಲ ಮಣಿಕಟ್ಟಿಗೆ. ನೂರು ಗುಂಡು ಹೊಡೆದು ನೋಡು, ಆಮೇಲೆ ರೇಂಜಿಗೆ ಹೋಗೋಕೆ ಮನಸ್ಸೇ ಬರಲ್ಲ. ಅದು ಜೇಬಿನಲ್ಲಿ ಇಟ್ಟುಕೊಂಡು ಓಡಾಡೋರಿಗೆ. ಗ್ಲಾಕ್ 19 ನಿನ್ನ ಕೈಗೆ ಸರಿಹೋಯ್ತು ಅಂದೆ. ನಾನು ಹಿಡಿದಿದ್ದು ಬ್ರೌನಿಂಗ್ ನಮೂನೆಯ 9 ಎಂ.ಎಂ., 13 ಗುಂಡಿನದು, ಉಕ್ಕು. ಗ್ಲಾಕ್ ಪ್ಲಾಸ್ಟಿಕ್ ಮೈಯದಾದರೂ 15 ಗುಂಡು ಹಿಡಿಯುತ್ತೆ, ಗಟ್ಟಿ ಸಾಮಾನು ಅಂತಲೇ ಎಲ್ಲರೂ ಹೇಳ್ತಾರೆ. ರೇಂಜಿಗೆ ಅಂತಲೇ ಆದ್ರೆ ರೂಗರ್‌ನ .22 ಪಿಸ್ತೂಲು ಬಾಡಿಗೆಗೆ ತಗೊಂಡು ಹೊಡಿ. ಗುಂಡು ಅಗ್ಗ, ಒದೆತ ಇಲ್ಲ, ಕೈ ಕುದುರುತ್ತೆ.

ನನ್ನನ್ನು ಕೇಳಿದರೆ ನಾನು ಮನೆಗೆ ಆರಿಸೋದು .38 ರಿವಾಲ್ವರ್, ನಾಲ್ಕು ಇಂಚಿನ ನಳಿಗೆಯದು. ಹಳೇ ಕಾಲದವನು ಅಂತೀಯ. ಸಿಲಿಂಡರ್ ಹೊರಗೆ ತೆಗೆದರೆ ಆರೂ ಮನೆ ಕಣ್ಣೆದುರಿಗಿರುತ್ತೆ, ಖಾಲಿಯೋ ತುಂಬಿದೆಯೋ ಒಂದೇ ನೋಟಕ್ಕೆ ಗೊತ್ತು. ಗ್ಲಾಕ್‌ನಲ್ಲಿ ಹಾಗಲ್ಲ. ಗುಂಡು ತುಂಬೋ ಮ್ಯಾಗ್ಜಿನ್ ತೆಗೆದ ಮೇಲೂ ನಳಿಗೆ ಬುಡದ ಚೇಂಬರಿನಲ್ಲಿ ಒಂದು ಗುಂಡು ಕೂತಿರಬಹುದು. ಒರೆಸೋಕೆ ಬಿಚ್ಚಬೇಕಾದರೆ ಅದರ ಟ್ರಿಗರ್ ಒತ್ತಲೇಬೇಕು, ಪಕ್ಕದಲ್ಲಿ ಸೇಫ್ಟಿ ಗುಂಡಿ ಬೇರೆ ಇಲ್ಲ. ಖಾಲಿ ಅಂದುಕೊಂಡು ಒತ್ತಿ ಅಂಗೈ ತೂತು ಮಾಡಿಕೊಂಡವರಿದ್ದಾರೆ. ಮೊದಲು ಮ್ಯಾಗ್ಜಿನ್ ತೆಗಿ, ಆಮೇಲೆ ನಳಿಗೆ ಮುಚ್ಚಿರೋ ಸ್ಲೈಡ್ ಹಿಂದಕ್ಕೆ ಎಳಿ, ಕಣ್ಣಲ್ಲಿ ನೋಡು, ಕಿರುಬೆರಳು ಹಾಕಿ ಮುಟ್ಟಿ ನೋಡು. ಸ್ಲೈಡ್ ಮೊದಲು ಎಳೆದರೆ ಮ್ಯಾಗ್ಜಿನ್‌ನಿಂದ ಇನ್ನೊಂದು ಮೇಲಕ್ಕೆ ಬಂದು ಕೂರುತ್ತೆ.

ಇದನ್ನೆಲ್ಲ ಹೇಳೋಕೆ ನನಗೆ ಏನು ಹಕ್ಕಿದೆ ಅಂತ ಬರೀತಾ ಬರೀತಾ ಕೈ ನಿಲ್ಲುತ್ತೆ.

1996ರ ದಸರೆ. ವಿಜಯದಶಮಿ ದಿನ ಏಳು ಫಿರಂಗಿ, ರಾಷ್ಟ್ರಗೀತೆ ಮುಗಿಯೋದರೊಳಗೆ 21 ಕುಶಾಲತೋಪು. ಒಂದು ಸಲ ಸಿಡಿದ ಮೇಲೆ ನಳಿಗೆಯೊಳಗೆ ಕಿಡಿ ಉಳಿದಿರುತ್ತೆ. ನಳಿಗೆ ಒರೆಸೋ ಕೋಲು, ಒದ್ದೆ ಸಿಂಬ, ಆಡಿಸಿ ಆ ಕಿಡಿ ಆರಿಸದೆ ಮುಂದಿನ ಮದ್ದು ತುಂಬುವ ಹಾಗಿಲ್ಲ, ತುಂಬಿದವನ ಕೈ ಹೋಗುತ್ತೆ. ಆ ಸಿಂಬ ಹಿಡಿದವನು ನಾನು. ಹಾಗೆ ಕಿಡಿ ಆರಿಸಿ ಬಂದವನು ಒಂದು ವಾರಕ್ಕೆ ರಜೆ ಹಾಕಿ ಊರಿಗೆ ಬಂದು, ಹಂದಿ ಕಬ್ಬಿಗೆ ಬಿದ್ದಿವೆ ಅಂತ ತಾತನ ಜೋಡುನಳಿಗೆ ಬಂದೂಕು ಹಿಡಿದು ಗದ್ದೆಗೆ ಹೋದೆ. ಬಲನಳಿಗೆ ಗಾಳಿಗೆ ಹೊಡೆದೆ. ಮಳೆ ಬಂತು. ಮನೆಗೆ ಬಂದು ಜಗಲಿಯಲ್ಲಿ ಬಂದೂಕು ಮಡಚಿ ಸುಟ್ಟ ತೋಟಾ ಕಿತ್ತೆಸೆದೆ. ಎಡನಳಿಗೆಯ ತೋಟಾದ ಹಿತ್ತಾಳೆ ತಳ ಲಾಟೀನು ಬೆಳಕಿಗೆ ಹೊಳೀತು. ನಾನು ನೋಡಿದೆ ಮಗಳೇ. ಮಳೆ ನಿಂತರೆ ಮತ್ತೆ ಹೋಗೋದಲ್ವಾ ಅಂತ ಹಾಗೇ ಮುಚ್ಚಿ ನಡುಮನೆ ಬಾಗಿಲ ಹಿಂದೆ ಒರಗಿಸಿದೆ. ಸೇಫ್ಟಿ ಸವೆದು ಸಡಿಲ ಆಗಿತ್ತು. ಊರಿನವರ ಬಂದೂಕೆಲ್ಲ ರಿಪೇರಿ ಮಾಡಿಕೊಡ್ತಿದ್ದವನು ಮನೇದು ಮಾಡಿರಲಿಲ್ಲ.

ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ. ತಿರುಗಿದರೆ ನೀನು ನೆಲದ ಮೇಲೆ ಕೂತು ಬಂದೂಕಿನ ಹಿಡಿ ಮಂಡಿ ಸಂದಿಯಲ್ಲಿ ಇಟ್ಟುಕೊಂಡಿದ್ದೆ. ನಳಿಗೆ ನಿನ್ನ ಕಿವಿ ಪಕ್ಕ. ಒಂದು ಬೆರಳಿಗೆ ಬಲ ಸಾಲದೆ ಎರಡೂ ಹೆಬ್ಬೆರಳು ಹಿಂದಿನ ಟ್ರಿಗರ್, ಎಡನಳಿಗೆಯದು, ಅದರ ಮೇಲೆ ಇಟ್ಟಿದ್ದೆ. ಬಾಯಿ ತುಂಬ ಹಲ್ಲುಪುಡಿ ನೊರೆ, ಕೂಗೋಕೆ ಆಗಲಿಲ್ಲ. ಐದು ಹೆಜ್ಜೆ. ಆಮೇಲೆ ಎಷ್ಟು ಸಲ ಅಳೆದಿದ್ದೀನಿ, ಐದೇ ಹೆಜ್ಜೆ. ಮೂರನೆಯದಕ್ಕೆ ಹೊಸ್ತಿಲು. ಕೂಗಿದ್ದರೆ ನೀನು ಬೆಚ್ಚಿ ನಳಿಗೆ ಮುಖಕ್ಕೆ ತಿರುಗುತ್ತಿತ್ತೋ ಏನೋ, ನೊರೆ ಇದ್ದದ್ದೇ ಒಳ್ಳೆಯದಾಯ್ತೋ ಏನೋ. ಇಷ್ಟು ವರ್ಷ ಆದ ಮೇಲೂ ಹಲ್ಲುಜ್ಜುವಾಗ ನಡುಮನೆ ಕಡೆ ಬೆನ್ನು ಹಾಕಿ ನಿಲ್ಲೋಕೆ ನನಗೆ ಆಗಲ್ಲ.

ಮಿಕ್ಕಿದ್ದು ನಿನಗೂ ಗೊತ್ತು. ಗುಂಡು ತೂರಿದ ಜಾಗದಲ್ಲಿ ಹಾಕಿದ ಆ ಒಂದು ಹೆಂಚು ಇವತ್ತಿಗೂ ಬೇರೆ ಬಣ್ಣ.

ನಿನಗೆ ಗೊತ್ತಿಲ್ಲದ್ದು ಇದು. ಜನ ಸೇರಿದಾಗ, ‘ಗೂಡಿನಿಂದ ತೋಟಾ ತೆಗೆದು ಹಾಕಿಬಿಟ್ಟಿದೆ ಮಗು’ ಅಂತ ಮೊದಲು ಅಂದವನು ನಾನು. ಅಂದು ನಿನ್ನ ಬೆನ್ನಿಗೆ ಎರಡು ಬಿಟ್ಟೆ. ಆ ಬಂದೂಕಿನ ಲಿವರ್ ತಳ್ಳಿ ಮಡಚೋಕೆ ನನ್ನ ಹೆಬ್ಬೆರಳೇ ನೋಯುತ್ತಿತ್ತು, ಏಳು ವರ್ಷದ ಕೈಗೆ ಆಗ್ತಿತ್ತಾ? ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಪೊಲೀಸಿನವನ ಮಾನ ದೊಡ್ಡದಾಗಿ ಕಂಡಿತು. ಮುಂದಿನ ಚುನಾವಣೆಗೆ ಎಲ್ಲರ ಹಾಗೆ ಠಾಣೆಗೆ ಒಪ್ಪಿಸಿದ ಬಂದೂಕನ್ನು ವಾಪಸ್ ತರಲಿಲ್ಲ, ಅಷ್ಟೇ ನಾನು ಮಾಡಿಕೊಂಡ ಪ್ರಾಯಶ್ಚಿತ್ತ. ನೀನು ತೋಟಾ ಹಾಕಿರಲಿಲ್ಲ. ನೀನು ಏನೂ ಮಾಡಿರಲಿಲ್ಲ ಕಂದ.

ಪುಟ್ಟನಿಗೆ ಈಗ ನಾಲ್ಕು. ಕಪಾಟಿನ ಮೇಲಿಟ್ಟರೆ ಕುರ್ಚಿ ಎಳೆದುಕೊಂಡು ಹತ್ತುತ್ತಾನೆ, ದಿಂಬಿನ ಕೆಳಗೆ ಅಂತೂ ಬೇಡವೇ ಬೇಡ. ಕತ್ತಲಲ್ಲೂ ಬೆರಳಿಗೆ ಸಿಗುವ ಗುಂಡಿಗಳ ಉಕ್ಕಿನ ಪೆಟ್ಟಿಗೆ ಬರುತ್ತಂತೆ, ಪಿಸ್ತೂಲಿಗಿಂತ ಮೊದಲು ಅದನ್ನು ತಗೊಂಡು ಗೋಡೆಗೆ ಬಿಗಿಸು. ನಿಮ್ಮ ಮನೆ ಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದದ್ದು, ನಮ್ಮ ಮಣ್ಣಿನ ಗೋಡೆ ಹಾಗೆ ಗುಂಡು ನುಂಗಲ್ಲ. ನಿನ್ನ ಮಂಚದಿಂದ ಬಾಗಿಲ ಕಡೆ ಗುರಿ ಇಟ್ಟರೆ ಆಚೆ ಪುಟ್ಟನ ಕೋಣೆ ಬರುತ್ತಾ ನೋಡು. ಬರೋದಾದರೆ ಇವತ್ತೇ ಮಂಚ ತಿರುಗಿಸು. ರಾತ್ರಿ ಸದ್ದಾದರೆ ಮೊದಲು ಪುಟ್ಟನನ್ನು ನಿನ್ನ ಕೋಣೆಗೆ ತಂದು ಚಿಲಕ ಹಾಕಿ 911ಕ್ಕೆ ಫೋನ್ ಮಾಡು, ಆಮೇಲೆ ಪೆಟ್ಟಿಗೆ. ರೇಂಜಿನಿಂದ ಬಂದು ಗುಂಡಿನ ಸೀಸ ಮೆತ್ತಿದ ಕೈಯಲ್ಲಿ ಮಗು ಮುಟ್ಟಬೇಡ, ಸೋಪು ಹಾಕಿ ತೊಳಿ. ನೋಡು, ಮತ್ತೆ ಪಾಠ ಶುರು ಮಾಡಿದೆ.

ಗ್ಲಾಕೇ ತಗೋ. ನಿನ್ನ ಕೈ ಒಪ್ಪಿದ್ದೇ ಸರಿ, ನನ್ನ ರಿವಾಲ್ವರ್ ಮಾತು ಬಿಡು.

ನಿಮ್ಮವ್ವ ಈಗಲೂ ‘ನಿಮ್ಮ ಮಗಳು ಚಿಕ್ಕವಳಿದ್ದಾಗ ಎಂಥಾ ಕೆಲಸ ಮಾಡಿದ್ಲು’ ಅಂತ ನೆಂಟರ ಮುಂದೆ ಹೇಳ್ತಾಳೆ, ನಾನು ತಲೆಯಾಡಿಸ್ತೀನಿ. ಅವಳಿಗೆ ಇನ್ನೂ ಹೇಳಿಲ್ಲ. ಒಳಗೆ ಪಾತ್ರೆ ತೊಳೆಯೋ ಸದ್ದು ಕೇಳ್ತಿದೆ. ಅದು ಮುಗಿಯಲಿ, ಕರೆದು ಕೂರಿಸಿಕೊಂಡು ಹೇಳ್ತೀನಿ.

ನಿನ್ನ
ಅಪ್ಪ