ಉಳಿದವನ ಕಡೆಯಿಂದ ಒಂದು ಪತ್ರ

ಗೆಳೆಯಾ,

ಹೋದ ವಾರ ನೀನು ಕಳಿಸಿದ ಮೆಸೇಜ್ ನೋಡಿದೆ. "ಇನ್ನೂ ಅಲ್ಲೇ ಇದೀಯೇನೋ?" ಅಷ್ಟೇ ಇತ್ತು. ಏನು ಬರೆಯಬೇಕೋ ತಿಳಿಯದೆ ಮೂರು ದಿನ ಹಾಗೇ ಬಿಟ್ಟೆ. ಇದ್ದೇನೆ ಕಣೋ. ಅದೇ ಐಟಿ ಕಂಪನಿ, ಅದೇ ಕಟ್ಟಡ, ಅದೇ ನಾಲ್ಕನೇ ಮಹಡಿ, ಕಿಟಕಿ ಪಕ್ಕದ ಅದೇ ಸೀಟು. ಅಲ್ಲಿ ಏನಾಗಿದೆ ಅಂತ ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕುತ್ತಿರುವುದು ಯಾಕೆಂದರೆ, ನನ್ನ ಹಾಗೆ ಉಳಿದುಕೊಂಡು ಬಾಯಿ ಮುಚ್ಚಿಕೊಂಡಿರುವವರು ಈ ಊರಲ್ಲಿ ತುಂಬಾ ಜನ ಇದ್ದಾರೆ.

ಮೊದಲು ಒಂದು ವಿಷಯ. ಇಷ್ಟು ದಿನ ನಿನಗೆ ಫೋನ್ ಮಾಡದೆ ಇದ್ದಿದ್ದು ಕೆಲಸ ಜಾಸ್ತಿ ಅಂತಲ್ಲ, ನಾಚಿಕೆಗೆ. 2023ರ ಫೆಬ್ರವರಿಯಲ್ಲಿ ನಿನ್ನನ್ನು ಕರೆದು, ಹದಿನೈದು ನಿಮಿಷದಲ್ಲಿ ಮಾತು ಮುಗಿಸಿ, ಲ್ಯಾಪ್‌ಟಾಪ್ ಇಸಿದುಕೊಂಡು ಕೆಲಸದಿಂದ ತೆಗೆದು ಕಳಿಸಿದ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ನೀನು ಟಿಫಿನ್ ಡಬ್ಬಿ, ಸ್ವೆಟರ್ ಎಲ್ಲ ಬ್ಯಾಗಿಗೆ ತುಂಬಿಕೊಳ್ಳುವಾಗ ನಾನು ಸ್ಕ್ರೀನ್ ನೋಡುತ್ತಿದ್ದೆ. ಲಿಫ್ಟ್ ತನಕವೂ ಬರಲಿಲ್ಲ. ನನ್ನ ಕ್ಯಾಲೆಂಡರ್‌ಗೆ ಆ ಮೀಟಿಂಗ್ ಬರಲಿಲ್ಲವಲ್ಲ ಅನ್ನುವ ಸಮಾಧಾನ ಒಳಗೆಲ್ಲೋ ಇತ್ತು. ಅದನ್ನು ಇಟ್ಟುಕೊಂಡು ನಿನ್ನ ಮುಖ ನೋಡುವುದು ಹೇಗೆ ಹೇಳು?

ಆಗ ನಾವು ಅಮೆರಿಕದ ಸುದ್ದಿ ದಿನಾ ಓದುತ್ತಿದ್ದೆವು. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ಕಂಪನಿ ಮೆಟಾ 11 ಸಾವಿರ ಜನರನ್ನು ತೆಗೆಯಿತು. ಮುಗಿಯಿತು ಅಂದುಕೊಂಡರೆ ಮುಂದಿನ ಮಾರ್ಚ್‌ನಲ್ಲಿ ಇನ್ನೂ 10 ಸಾವಿರ ಅಂದಿತು. ಅಮೆಜಾನ್ ಜನವರಿಯಲ್ಲಿ 18 ಸಾವಿರ ಅಂತ ಹೇಳಿ ಮಾರ್ಚ್‌ನಲ್ಲಿ ಮತ್ತೆ 9 ಸಾವಿರ ಸೇರಿಸಿತು. ಅದೇ ಅಮೆಜಾನ್ 2025ರ ಅಕ್ಟೋಬರ್‌ನಲ್ಲಿ 14 ಸಾವಿರ, 2026ರ ಜನವರಿಯಲ್ಲಿ 16 ಸಾವಿರ ಅಂತ ಇನ್ನೊಂದು ಸುತ್ತು ಶುರುಮಾಡಿತು. ತೆಗೆಯಲೇಬೇಕು ಅಂದರೆ ಒಂದೇ ಸಲ ತೆಗೆದು, ಉಳಿದವರಿಗೆ ನೆಮ್ಮದಿಯಾಗಿ ಕೆಲಸ ಮಾಡಲು ಬಿಡಬಹುದಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಹಾಗೆ ಆಗುವುದಿಲ್ಲ. ಮೂರು ಮೂರು ತಿಂಗಳಿಗೆ ಲೆಕ್ಕ ತೋರಿಸಬೇಕು. ಆ ಲೆಕ್ಕ ಸರಿ ಬರಲಿಲ್ಲ ಅಂದರೆ ಕೈಗೆ ಬೇಗ ಸಿಗುವ ಖರ್ಚು ಸಂಬಳವೇ.

ನಮ್ಮಲ್ಲಿ ನಿನ್ನದು ಮೊದಲ ಸುತ್ತು. ಮರುದಿನ ಟೌನ್‌ಹಾಲ್, ಅಂದರೆ ಎಲ್ಲರ ಸಭೆ, ಕರೆದು, "ಇದೇ ಕೊನೆ, ಇನ್ನು ನಿಶ್ಚಿಂತೆಯಿಂದ ಕೆಲಸ ಮಾಡಿ" ಅಂದರು. ನಾವು ನಂಬಿದೆವು. ನಿಜವಾಗಿ ನಂಬಿದೆವು. ಎಷ್ಟೋ ಜನ ರಾತ್ರಿ ಹತ್ತರ ತನಕ ಕೂತು, ಹೋದವರ ಕೆಲಸವನ್ನೂ ಮೈಮೇಲೆ ಹಾಕಿಕೊಂಡು ಮಾಡಿದರು. ಅಕ್ಟೋಬರ್‌ನಲ್ಲಿ ಎರಡನೆಯದು ಬಂತು. ಆ ಟೌನ್‌ಹಾಲ್‌ನಲ್ಲಿ "ಸದ್ಯಕ್ಕೆ ಇಷ್ಟೇ" ಅಂದರು. 2024ರ ಜುಲೈನಲ್ಲಿ ಮೂರನೆಯದು. ಆಗ ಟೌನ್‌ಹಾಲ್ ಕರೆಯಲೇ ಇಲ್ಲ, ಸಂಜೆ ಒಂದು ಮೇಲ್ ಬಂತು. ನಾಲ್ಕನೆಯದು ಹೋದ ನವೆಂಬರ್‌ನಲ್ಲಿ.

ನಾಲ್ಕನೆಯದು ನಮಗೆ ಮೊದಲೇ ಗೊತ್ತಾಗಿತ್ತು. ಹೇಗೆ ಗೊತ್ತಾ? ಕಾಫಿ ಕೌಂಟರ್‌ನ ಅಣ್ಣ ಹೇಳಿದ್ದು. ಶುಕ್ರವಾರ ಲೋಟ ಕೈಗೆ ಕೊಡುತ್ತಾ ಮೆಲ್ಲಗೆ, "ಸಾರ್, ಬುಧವಾರದಿಂದ ಊಟ ಎಂಟುನೂರು ಬೇಡ, ಆರುನೂರು ಸಾಕು ಅಂತ ಹೇಳಿದ್ದಾರೆ, ಏನಾದರೂ ರಜೆನಾ?" ಅಂದ. ನನ್ನ ಹಿಂದೆ ನಿಂತಿದ್ದ ಮೂವರೂ ಕೇಳಿಸಿಕೊಂಡರು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಂಟುನೂರರಲ್ಲಿ ಇನ್ನೂರು ಹೋದರೆ ನಾಲ್ವರಲ್ಲಿ ಒಬ್ಬ. ಅಲ್ಲಿ ನಿಂತಿದ್ದವರು ನಾವು ಸರಿಯಾಗಿ ನಾಲ್ಕು ಜನ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ, ನಾಲ್ಕು ರಾತ್ರಿ ನಿದ್ದೆ ಇಲ್ಲ. ಪಾಪ, ಆ ಅಣ್ಣನ ಕಡೆಯ ಇಬ್ಬರು ಹುಡುಗರದ್ದೂ ಆ ತಿಂಗಳೇ ಕೆಲಸ ಹೋಯಿತು. ಅದು ಯಾವ ಮೇಲ್‌ನಲ್ಲೂ ಬರಲಿಲ್ಲ.

ಇದೆಲ್ಲದರಿಂದ ಒಳಗೆ ಏನು ಹಾಳಾಯಿತು ಅನ್ನುವುದು ನಿನಗೆ ಹೊರಗಿನಿಂದ ಕಾಣುವುದಿಲ್ಲ. ಭಯ ಅಂತೂ ಇದ್ದದ್ದೇ. ಅದಕ್ಕಿಂತ ದೊಡ್ಡ ನಷ್ಟ ಒಂದಿದೆ. ಹೇಳಿಕೊಡುವುದು ನಿಂತುಹೋಯಿತು ಕಣೋ.

ನಾನು ಸೇರಿದಾಗ ತಿಂಗಳ ಕೊನೆಯ ಬಿಲ್ ರನ್, ಅಂದರೆ ಬಿಲ್‌ಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ಒಟ್ಟಿಗೆ ತಯಾರಿಸುವ ಕೆಲಸ, ಏನು ಅಂತಲೂ ಗೊತ್ತಿರಲಿಲ್ಲ. ನೀನು ಎರಡು ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು, ಅದರಲ್ಲಿ ಯಾವ ಪ್ರೋಗ್ರಾಂ ಆದಮೇಲೆ ಯಾವುದು, ಎಲ್ಲಿ ನಿಂತುಹೋಗುತ್ತದೆ, ನಿಂತರೆ ಎಲ್ಲಿಂದ ಮತ್ತೆ ಶುರು ಮಾಡಬೇಕು, ಎಲ್ಲ ತೋರಿಸಿದೆ. ಅದಕ್ಕೆ ನಿನ್ನನ್ನು ಯಾರೂ ಕೇಳಿರಲಿಲ್ಲ. ಆಗ ಕೆಟಿ ಅಂದರೆ ಹೊಸಬರಿಗೆ ಕೆಲಸ ಕಲಿಸುವುದು, ಅಷ್ಟೇ. ಈಗ ಮ್ಯಾನೇಜರ್ ಬಂದು "ಅವರಿಗೊಂದು ಕೆಟಿ ಕೊಟ್ಟುಬಿಡಿ" ಅಂದರೆ ಕೈಕಾಲು ತಣ್ಣಗಾಗುತ್ತದೆ. ನಿನ್ನ ಸರದಿ ಬಂತು ಅಂತಲೇ ಅದರ ಅರ್ಥ. ಮೂರನೇ ಸುತ್ತಿನಲ್ಲಿ ಕೆಟಿ ಕೊಟ್ಟ ಐದು ಜನರಲ್ಲಿ ನಾಲ್ವರು ಹೋದರು. ಅದಾದಮೇಲೆ ಯಾರು ಯಾಕೆ ಹೇಳಿಕೊಡುತ್ತಾರೆ?

ನಮ್ಮ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಹಿರಿಯರು ನೆನಪಿದ್ದಾರಲ್ಲ, ನಿನಗೆ ಹಬ್ಬಕ್ಕೆ ಹೋಳಿಗೆ ತಂದುಕೊಡುತ್ತಿದ್ದವರು. ಅವರಷ್ಟು ಧಾರಾಳ ಮನುಷ್ಯ ಆ ಮಹಡಿಯಲ್ಲೇ ಇರಲಿಲ್ಲ. ಅವರೂ ಬದಲಾದರು. ಕೆಲಸ ನಡೆಸುವ ಸ್ಕ್ರಿಪ್ಟ್‌ಗಳನ್ನೆಲ್ಲ, ಅಂದರೆ ಪುಟ್ಟ ಪ್ರೋಗ್ರಾಂಗಳನ್ನೆಲ್ಲ, ತಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟುಕೊಂಡರು. ಏನಾದರೂ ಕೇಳಿದರೆ "ನಾನೇ ಮಾಡಿಕೊಡುತ್ತೇನೆ ಬಿಡು" ಅನ್ನುತ್ತಿದ್ದರು. ಅವರ ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಪ್ಪ ಅಮ್ಮಂದಿರ ಇನ್ಶೂರೆನ್ಸ್ ನಮ್ಮ ಕಂಪನಿಯ ಲೆಕ್ಕದಲ್ಲೇ ಇರುವುದು, ಕೆಲಸ ಹೋದರೆ ಅದೂ ಹೋಗುತ್ತದೆ. ನಾನು ಅವರನ್ನು ತಪ್ಪು ಅನ್ನುವುದಿಲ್ಲ, ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೂ ನಾಲ್ಕನೇ ಸುತ್ತಿನಲ್ಲಿ ಅವರನ್ನೇ ಕಳಿಸಿದರು. ಅರ್ಧ ಗಂಟೆಯಲ್ಲಿ ಲಾಗಿನ್ ಬಂದ್. ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡವರು ಒಳಗೆ ಏನಿದೆ ಅಂತ ನೋಡದೆ ಫಾರ್ಮ್ಯಾಟ್ ಮಾಡಿಬಿಟ್ಟರು. ಆ ತಿಂಗಳ ಕೊನೆಗೆ ಬಿಲ್ ರನ್ ಮೂರು ರಾತ್ರಿ ನಿಂತಿತು. ಕ್ಲೈಂಟ್ ಕಡೆಯವರು ಕೂಗಾಡಿದರು. ನಮ್ಮ ಮ್ಯಾನೇಜರ್ ಆ ಹಿರಿಯರಿಗೇ ಫೋನ್ ಮಾಡಿ ಕೇಳಬೇಕಾಯಿತು. ಅವರು ಆಸ್ಪತ್ರೆಯ ಕಾರಿಡಾರ್‌ನಲ್ಲಿ ನಿಂತು ಮುಕ್ಕಾಲು ಗಂಟೆ ಹೇಳಿಕೊಟ್ಟರಂತೆ. ಅವರು ಅಂಥವರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೋದವರು ಇನ್ನೂರು, ಆದರೆ ಚೆನ್ನಾಗಿ ಕೆಲಸ ಬಲ್ಲ ಹುಡುಗರು ಆಮೇಲೆ ತಾವೇ ಒಬ್ಬೊಬ್ಬರಾಗಿ ಬಿಟ್ಟರು. ಇದು ನಮ್ಮಲ್ಲಿ ಮಾತ್ರ ಆಗುವ ಕಥೆ ಅಲ್ಲ. ಟ್ರೆವರ್ ಮತ್ತು ನೈಬರ್ಗ್ ಅನ್ನುವ ಇಬ್ಬರು ಸಂಶೋಧಕರು 2008ರಲ್ಲಿ ಇದನ್ನೇ ಲೆಕ್ಕ ಹಾಕಿ ಬರೆದಿದ್ದಾರೆ. ಕಂಪನಿ ನೂರರಲ್ಲಿ ಒಬ್ಬನನ್ನು ತೆಗೆದರೂ ಸಾಕು, ತಾವಾಗಿ ಬಿಡುವವರ ಪ್ರಮಾಣ ಶೇ 31ರಷ್ಟು ಏರುತ್ತದಂತೆ. ಬೇರೆ ಕಡೆ ಕೆಲಸ ಸಿಗುವವರೇ ಮೊದಲು ಹೊರಡುವುದು, ಅಲ್ವಾ?

ನಿನಗೆ ಇನ್ನೊಂದು ಹೇಳಲೇಬೇಕು. ಅವತ್ತು ನಿನ್ನ ಕೈಯಲ್ಲೇ ಪೋರ್ಟಲ್‌ನಲ್ಲಿ ರಿಸೈನ್ ಹಾಕಿಸಿದರಲ್ಲ, "ರಿಲೀವಿಂಗ್ ಲೆಟರ್ ಚೆನ್ನಾಗಿ ಬರುತ್ತೆ" ಅಂತ, ಅದು ಯಾಕೆ ಅಂತ ನನಗೆ ಈಗ ತಿಳಿಯಿತು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕೆಲಸಗಾರ ಅನಿಸಿಕೊಳ್ಳುವವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಕೊಡಬೇಕಿತ್ತು. ಜೊತೆಗೆ ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸಂಬಳ. ಆರು ವರ್ಷಕ್ಕೆ ಮೂರು ತಿಂಗಳ ಸಂಬಳ ಆಯಿತು ನೋಡು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಆ ಲೆಕ್ಕ ಹಾಗೇ ಇದೆ. ರಾಜೀನಾಮೆ ಅಂತ ಕಾಗದದ ಮೇಲೆ ಬಂದರೆ ಅದ್ಯಾವುದೂ ಅನ್ವಯಿಸುವುದಿಲ್ಲ. ನಮ್ಮಲ್ಲಿ ನಾಲ್ಕೂ ಸುತ್ತಿನಲ್ಲಿ ಹೆಚ್ಚುಕಮ್ಮಿ ಎಲ್ಲರ ಕೈಯಲ್ಲೂ ರಾಜೀನಾಮೆಯನ್ನೇ ಹಾಕಿಸಿದರು. 2025ರಲ್ಲಿ ಟಿಸಿಎಸ್ ತನ್ನ ಜನರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುತ್ತೇನೆ ಅಂದಾಗ ಕರ್ನಾಟಕದ ಐಟಿ ನೌಕರರ ಸಂಘ ಕೆಐಟಿಯು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು. ಮೊದಲೆಲ್ಲ ನಾನು ಸಂಘ ಅಂದರೆ ಕಾರ್ಖಾನೆಯವರಿಗೆ ಅಂದುಕೊಂಡಿದ್ದೆ. ಡಿಸೆಂಬರ್‌ನಲ್ಲಿ ನಾನೂ ಸದಸ್ಯನಾದೆ. ಆಫೀಸಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಊರಲ್ಲಿ ಅಮ್ಮ ಟಿವಿಯಲ್ಲಿ ಐಟಿ ಅನ್ನುವ ಪದ ಕೇಳಿದರೆ ಸಾಕು, ತಕ್ಷಣ ಫೋನ್ ಮಾಡುತ್ತಾರೆ. ಕೆಲಸದ ಬಗ್ಗೆ ಕೇಳುವುದಿಲ್ಲ. "ಊಟ ಆಯ್ತೇನಪ್ಪಾ?" ಅನ್ನುತ್ತಾರೆ. ನನ್ನ ದನಿ ಹೇಗಿದೆ ಅಂತ ಕೇಳಿಸಿಕೊಳ್ಳುವುದಕ್ಕೆ.

ಕೊನೆಗೆ, ನಿನಗೆ ಹೇಳಲೇಬೇಕು ಅಂತ ಇಟ್ಟುಕೊಂಡಿದ್ದ ವಿಷಯ. ನಮ್ಮ ಟೀಮಿಗೆ ಹೊಸ ಹುಡುಗಿ ಬಂದಿದ್ದಾಳೆ, ಶಿವಮೊಗ್ಗದವಳು, ಮೊದಲ ಕೆಲಸ. ಎರಡು ತಿಂಗಳು ಯಾರನ್ನೂ ಏನೂ ಕೇಳದೆ ಒಬ್ಬಳೇ ಒದ್ದಾಡಿದಳು. ಕೇಳಿದರೆ ಬರುವುದಿಲ್ಲ ಅಂತ ಗೊತ್ತಾಗುತ್ತದೆ, ಗೊತ್ತಾದರೆ ಪಟ್ಟಿಗೆ ಹೆಸರು ಸೇರುತ್ತದೆ ಅಂತ ಯಾರೋ ಹೇಳಿದ್ದರಂತೆ. ಹೋದ ತಿಂಗಳ ಬಿಲ್ ರನ್ ದಿನ ರಾತ್ರಿ ಎಂಟಕ್ಕೆ ಅವಳ ಕಣ್ಣಲ್ಲಿ ನೀರು ನೋಡಿ ಸುಮ್ನೆ ಇರಲು ಆಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕ ಕೂತೆ. ನೀನು ಬರೆದಿಟ್ಟಿದ್ದ ಆ ಹಳೆಯ ಡಾಕ್ಯುಮೆಂಟ್ ತೆಗೆದೆ. "ಇಲ್ಲಿ ನಿಂತರೆ ಗಾಬರಿ ಬೀಳಬೇಡ, ಒಂದು ಕಾಫಿ ಕುಡಿದು ಬಾ, ತಾನೇ ಮುಂದೆ ಹೋಗುತ್ತೆ" ಅಂತ ಒಂಬತ್ತನೇ ಸ್ಟೆಪ್‌ನಲ್ಲಿ ಬರೆದಿದ್ದೀಯಲ್ಲ, ಅದು ಇನ್ನೂ ಹಾಗೇ ಇದೆ. ಅಲ್ಲಿಗೆ ಬಂದಾಗ ನಿಜವಾಗಿಯೂ ನಿಂತಿತು. ಇಬ್ಬರೂ ಹೋಗಿ ಕಾಫಿ ಕುಡಿದು ಬಂದೆವು, ಮುಂದೆ ಹೋಗಿತ್ತು. ಅವಳು ನಕ್ಕಳು. ಇದನ್ನು ಬರೆದವರು ಯಾರು ಅಂತ ಕೇಳಿದಳು. ನಿನ್ನ ಹೆಸರು ಹೇಳಿದೆ. ಮೂರು ವರ್ಷದಲ್ಲಿ ಆ ಮಹಡಿಯಲ್ಲಿ ನಿನ್ನ ಹೆಸರನ್ನು ಜೋರಾಗಿ ಹೇಳಿದ್ದು ಅದೇ ಮೊದಲು.

ಈ ಶನಿವಾರ ಬೆಳಗ್ಗೆ ಮೈಸೂರಿಗೆ ಬರುತ್ತಿದ್ದೇನೆ. ಮನೆಯಲ್ಲೇ ಇರು. ಹತ್ತು ಗಂಟೆಯೊಳಗೆ ತಲುಪುತ್ತೇನೆ. ತಿಂಡಿ ನಿಮ್ಮ ಮನೆಯಲ್ಲೇ ಅಂತ ಅಮ್ಮನಿಗೆ ಹೇಳಿಬಿಡು.

ನಿನ್ನ ಪಕ್ಕದ ಸೀಟಿನವನು